ಕುಮುದಾ ಮೌಶಿಯ ಮೊಸರು

ಮಲ್ಕಾಜ್‌ಗಿರಿ, ಹೈದರಾಬಾದ್
೧೨ ಜನವರಿ ೨೦೦೩

ಮೌಶಿಗೆ ನಮಸ್ಕಾರ.

ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಈ ಕಾಗದ ಏಕೆ ಎಂದು ಹುಬ್ಬು ಗಂಟಿಕ್ಕಬೇಡ. ನಮ್ಮ ಮನೆಯ ಫೋನು ನಡುಮನೆಯಲ್ಲಿದೆ, ಅದರ ಪಕ್ಕದ ಕುರ್ಚಿಯಲ್ಲಿ ಅತ್ತೆಯವರಿದ್ದಾರೆ. ಅಲ್ಲಿ ಅಕ್ಕಿ ಬೇಳೆಯ ಮಾತು ಆಡಬಹುದು, ಹೊಟ್ಟೆಯ ಮಾತು ಆಡಲಾಗುವುದಿಲ್ಲ. ಆದ್ದರಿಂದ ಇನ್ನು ಮೇಲೆ ಅಂಥದೆಲ್ಲ ಅಂಚೆಯಲ್ಲಿ.

ಮೊದಲು ಒಳ್ಳೆಯ ಸುದ್ದಿ. ಬೇಗಂಪೇಟೆಯಲ್ಲಿ ನನಗೆ ಕೆಲಸ ಸಿಕ್ಕಿದೆ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಅಂತ ಹೆಸರು. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಏನು ಕಂಡೆವು, ಏನು ಕೊಟ್ಟೆವು ಎಂದು ಯಂತ್ರಕ್ಕೆ ಹೇಳಿಟ್ಟು ಮಲಗುತ್ತಾರೆ. ಆ ದನಿ ಇಲ್ಲಿಗೆ ಬರುತ್ತದೆ. ನಾವು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡುತ್ತೇವೆ. ಕಾಲಡಿ ಒಂದು ಪೆಡಲ್ ಇದೆ. ಒತ್ತಿದರೆ ಡಾಕ್ಟರು ಮಾತಾಡುತ್ತಾನೆ, ಬಿಟ್ಟರೆ ಸುಮ್ಮನಾಗುತ್ತಾನೆ. ಗಂಡಸರಿಗೆಲ್ಲ ಇಂಥದೊಂದು ಇರಬೇಕಿತ್ತು ಎಂದು ವಿಶ್ವಜಿತ್ ಎದುರಿಗೇ ಹೇಳಿದೆ. ಇವರು ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ರೇಡಿಯೋ ಜೋಡಿಸುವವರಲ್ಲವೇ, "ನಾನೇ ಮಾಡಿ ಕೊಡತೀನಿ ತಗೋ" ಅಂದರು. ಅತ್ತೆಯವರು ಓಣಿಯಲ್ಲೆಲ್ಲ "ನಮ್ಮ ಸೊಸಿ ಸಾಫ್ಟ್‌ವೇರ್" ಎಂದು ಹೇಳಿಬಂದಿದ್ದಾರೆ. ಕಂಪ್ಯೂಟರಿನ ಮುಂದೆ ಕೂತವರೆಲ್ಲ ಈ ಊರಲ್ಲಿ ಈಗ ಸಾಫ್ಟ್‌ವೇರೇ.

ನನ್ನ ಪಾಲಿಗೆ ಬಂದವರಲ್ಲಿ ಹೆಂಗಸರ ಡಾಕ್ಟರೊಬ್ಬಳಿದ್ದಾಳೆ, ವಯಸ್ಸಾದವಳು. ಮಾತಿನ ನಡುವೆ ಕಟಕಟ ಏನೋ ಅಗಿಯುತ್ತಾಳೆ. ನಾನು ಶೇಂಗಾಬಾಯಿ ಎಂದು ಹೆಸರಿಟ್ಟಿದ್ದೇನೆ. ಮುಖ ನೋಡಿಲ್ಲ, ಆದರೂ ದಿನಾ ಅವಳ ದನಿ ಕೇಳಿ ಕೇಳಿ ಸಂಬಂಧಿಕಳೇ ಆಗಿದ್ದಾಳೆ.

ಕೆಟ್ಟ ಸುದ್ದಿ ಹೊಸದೇನಲ್ಲ, ಹಳೆಯದೇ. ನವರಾತ್ರಿಯಲ್ಲಿ ಎರಡನೆಯ ಬಸಿರೂ ಜಾರಿಹೋದ ಮೇಲೆ ಇವರದೂ ನನ್ನದೂ ಎಲ್ಲ ಪರೀಕ್ಷೆ ಮಾಡಿಸಿದೆವು. ಎಲ್ಲ ಸರಿಯಾಗಿದೆ, ಕಾಯಿರಿ ಎನ್ನುತ್ತಾರೆ. ಆರು ವರ್ಷ ಕಾದಿದ್ದೇವೆ. ನನಗೆ ಮಗು ಬೇಕು ಮೌಶಿ. ಇಷ್ಟು ಸೀದಾ ಇದನ್ನು ಯಾರಿಗೂ ಹೇಳಿಲ್ಲ.

ನೀನು ಕೇಳುವ ಮೊದಲೇ ಹೇಳುತ್ತೇನೆ: ಡಬ್ಬಿ ಒಂದು ದಿನವೂ ತಪ್ಪಿಲ್ಲ. ಎಲ್ಲರ ತವರಿನವರು ಮದುವೆಯಲ್ಲಿ ಬೆಳ್ಳಿಯ ಕುಂಕುಮದ ಬಟ್ಟಲು ಕೊಟ್ಟರೆ, ಅವ್ವನ ಜಾಗದಲ್ಲಿ ನಿಂತ ಅವ್ವನ ತಂಗಿ ನೀನು ಅದರ ಜೊತೆಗೆ ನೀಲಿ ಅಂಚಿನ ಎನಾಮಲ್ ಡಬ್ಬಿ, ಮಾರುದ್ದ ರಬ್ಬರ್ ನಳಿಗೆ, ವಾರ್ಡಿನಲ್ಲಿ ಬಳಸುವ ಒಂದು ಬಾಟಲಿ ನಂಜುನಿವಾರಕ ಔಷಧ ಕೊಟ್ಟವಳು. ನೀನು ಕಲಿಸಿದ ಹಾಗೇ ಬೆಚ್ಚನೆಯ ನೀರಿಗೆ ಒಂದು ಮುಚ್ಚಳ ಔಷಧ ಬೆರೆಸಿ, ಸ್ನಾನಕ್ಕೆ ಮೊದಲು ಒಳಗಿನಿಂದ ತೊಳೆದುಕೊಳ್ಳುತ್ತಿದ್ದೇನೆ. ಬಚ್ಚಲಿನ ಮೊಳೆಗೆ ಡಬ್ಬಿ ನೇತುಹಾಕಿ ಹಾಕಿ ಗೋಡೆಯಲ್ಲಿ ಅದರ ಗುರುತು ಬಿದ್ದಿದೆ. ಬೇರೆ ಏನಾದರೂ ಮಾಡಬೇಕೇ, ಬರೆ.

ನಿನ್ನ
ಶಾಂಭವಿ


ಗುಲ್ಬರ್ಗಾ
೨೫ ಜನವರಿ ೨೦೦೩

ಸಾಫ್ಟ್‌ವೇರ್ ಸೊಸೆಗೆ ಮೌಶಿಯ ಆಶೀರ್ವಾದ.

ನಿನ್ನ ಕಾಗದ ಬಂದಾಗ ನಾನು ಮೊಸರನ್ನು ಮೋರಿಗೆ ಚೆಲ್ಲುತ್ತಿದ್ದೆ. ಈ ಸಲವೂ ಹೆಪ್ಪು ಕೂಡಲಿಲ್ಲ. ಪಕ್ಕದ ಮನೆಯ ಗುರುಬಾಯಿ ಗೋಡೆಯ ಮೇಲಿಂದ ನೋಡಿ ನಗುತ್ತಾಳೆ. "ಅಕ್ಕಾರ, ನಿಮ್ಮ ಕೈಯಾಗ ಕೂಸು ಹುಟ್ಟತಾವ, ಮೊಸರು ಹುಟ್ಟಂಗಿಲ್ಲ ನೋಡ್ರಿ" ಎನ್ನುತ್ತಾಳೆ. ಅವಳು ಪಾತ್ರೆಯನ್ನು ಬೂದಿಯಲ್ಲಿ ತಿಕ್ಕಿ, ನೀರು ಸುರಿದು, ಹಾಲು ಹಾಕಿಬಿಡುತ್ತಾಳೆ. ಚಾಕುವಿನಿಂದ ಕೊಯ್ಯುವಂಥ ಮೊಸರು. ನಾನಾದರೋ ಕುದಿಯುವ ನೀರಲ್ಲಿ ತೊಳೆದು, ಕೊನೆಗೆ ಅದೇ ಔಷಧದ ನೀರಲ್ಲಿ ಜಾಲಾಡಿಸಿ ಇಡುತ್ತೇನೆ. ಅಷ್ಟು ಸ್ವಚ್ಛ ಪಾತ್ರೆಯಲ್ಲಿ ಹಾಲು ಏಕೆ ಮೊಂಡು ಹಿಡಿಯುತ್ತದೋ ನನಗಂತೂ ತಿಳಿಯದು.

ಇರಲಿ. ಹೆದರಬೇಡ. ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದವಳು ಹೇಳುತ್ತಿದ್ದೇನೆ, ಕೇಳು. ನಮ್ಮ ಹೆಂಗಸರ ಕಷ್ಟಕ್ಕೆಲ್ಲ ಮೂಲ ಹೊಲಸು. ಒಂದು ಮುಚ್ಚಳ ಸಾಲದು, ಎರಡು ಹಾಕು. ಮುಟ್ಟು ನಿಂತ ಮಾರನೆಯ ದಿನದಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನನಗೆ ಕಲಿಸಿದ ಮೇಟ್ರನ್ ಬಾಯಿಯವರು ಬಿಳಿ ಸೀರೆಯ ಮೇಲೆ ಒಂದು ಕಲೆ ಕಂಡರೆ ಇಡೀ ವಾರ್ಡು ನಡುಗುತ್ತಿತ್ತು. ಅವರ ಕೈಯಿಂದ ಬಂದ ವಿದ್ಯೆ ಇದು.

ನಿನ್ನ ಅತ್ತೆ ಯಮುನಾಬಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ಅಳಬೇಡ. ನಿನಗೆ ಮಗು ಆಗುತ್ತದೆ, ನಾನೇ ಕೈಯಲ್ಲಿ ಹಿಡಿಯುತ್ತೇನೆ.

ಕುಮುದಾ ಮೌಶಿ


ಮಲ್ಕಾಜ್‌ಗಿರಿ
೯ ಮಾರ್ಚ್ ೨೦೦೩

ಮೌಶಿ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಇದು ನಾಲ್ಕನೆಯದು. ಕೂತು ಓದು, ಕಡೆಯತನಕ ಓದು.

ಹೋದ ತಿಂಗಳು ಶೇಂಗಾಬಾಯಿಯ ದನಿಯಲ್ಲಿ ಒಬ್ಬಳ ಕಥೆ ಬಂತು. ಹೆಸರು ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳುವುದಿಲ್ಲ. ವಯಸ್ಸು ನನ್ನಷ್ಟೇ. ಎರಡು ಸಲ ಗರ್ಭ ಜಾರಿದೆ. ಪರೀಕ್ಷೆಗಳೆಲ್ಲ ಸರಿ. ಆಗ ಶೇಂಗಾಬಾಯಿ ಅಗಿಯುವುದನ್ನು ನಿಲ್ಲಿಸಿ ಹೇಳುತ್ತಾಳೆ: ಈಕೆ ದಿನಾ ಔಷಧದ ನೀರಿನಿಂದ ಒಳಗೆ ತೊಳೆದುಕೊಳ್ಳುತ್ತಾಳೆ, ಅದನ್ನು ನಿಲ್ಲಿಸಲು ಹೇಳಿದ್ದೇನೆ. ನನ್ನ ಕಾಲು ಪೆಡಲಿನ ಮೇಲಿಂದ ತಾನಾಗಿ ಎದ್ದಿತು. ಮತ್ತೆ ಒತ್ತಿ ಕೇಳಿದೆ. ಏಳೆಂಟು ಸಲ ಕೇಳಿದ್ದೇನೆ, ಪಕ್ಕದ ಹುಡುಗಿ ನನಗೆ ಕಿವಿ ಕೇಳುವುದಿಲ್ಲ ಅಂದುಕೊಂಡಳು.

ಮರುದಿನ ರಜೆ ಹಾಕಿ ತಾರ್ನಾಕದ ಡಾಕ್ಟರ್ ವಿಜಯಶ್ರೀಯವರ ಹತ್ತಿರ ಹೋದೆ. ರಾಯಚೂರಿನ ಕಡೆಯವರು. ಡಬ್ಬಿಯ ವಿಷಯ ಹೇಳಿದ ತಕ್ಷಣ ಪೆನ್ನು ಕೆಳಗಿಟ್ಟರು. ಹತ್ತಿಯ ಕಡ್ಡಿಯಿಂದ ಸ್ವಲ್ಪ ಸ್ರಾವ ತೆಗೆದು, ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನೂ ಕರೆದು ತೋರಿಸಿದರು.

"ಆರಾಮ ಇದ್ದ ಹೆಣ್ಣುಮಗಳ ಒಳಗ ಉದ್ದುದ್ದ ಕಡ್ಡಿ ಹಂಗ ಒಳ್ಳೆ ಹುಳ ತುಂಬಿರತಾವ. ನಿಮ್ಮದ್ರಾಗ ನೋಡ್ರಿ, ಒಂದರೆ ಐತೇನು?"

ಇರಲಿಲ್ಲ. ಒಗ್ಗರಣೆಯ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳು, ಅಷ್ಟೆ.

"ಆ ಕಡ್ಡಿ ಹುಳ ಒಳಗ ಹುಳಿ ಮಾಡಿ ಇಡತಾವ್ರಿ. ಆ ಹುಳಿಯೊಳಗ ಕೆಟ್ಟ ಹುಳ ಬಾಳಂಗಿಲ್ಲ. ನೀವು ದಿನಾ ತೊಳದು ತೊಳದು ಕಾವಲುಗಾರರನ್ನ ಹೊರಗ ಹಾಕೀರಿ, ಕಳ್ಳರಿಗೆ ಬಾಗಲ ತಗದೀರಿ. ಅವು ಮ್ಯಾಲೆ ಗರ್ಭಚೀಲದ ತನಕ ಏರಿದ್ರ ಪಿಂಡ ನಿಲ್ಲೋದು ಕಷ್ಟ."

"ಇದರಿಂದಲೇ ಆಯ್ತೇನ್ರಿ ಡಾಕ್ಟರ್?" ಎಂದು ಕೇಳಿದೆ.

"ಇದೊಂದರಿಂದನ ಅಂತ ನಾ ಬರಕೊಡಂಗಿಲ್ಲ. ಇದೂ ಒಂದು ಕಾರಣ ಇರಬಹುದು. ನಮ್ಮ ಕೈಯಾಗ ಇದ್ದದ್ದು ಇದೊಂದ, ಇದನ್ನರ ಸರಿ ಮಾಡೂಣು."

ಏಳು ದಿನ ಮಾತ್ರೆ ಕೊಟ್ಟರು. ಬಾಯೆಲ್ಲ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗಾಗಿತ್ತು. ಡಬ್ಬಿಯನ್ನು ಮೊಳೆಯಿಂದ ಇಳಿಸು ಅಂದರು. ಒಳಗೆ ಏನೂ ಹಾಕಬಾರದು, ಅದು ತನ್ನನ್ನು ತಾನೇ ಸ್ವಚ್ಛ ಇಟ್ಟುಕೊಳ್ಳುತ್ತದೆಯಂತೆ. ನಾನು ಜಾಣತನ ತೋರಿಸಲು ಹೋಗಿ, ಹಾಗಾದರೆ ಮೊಸರು ಹಚ್ಚಿಕೊಳ್ಳಲೇ ಎಂದು ಕೇಳಿದೆ. ನಕ್ಕುಬಿಟ್ಟರು. "ಮೊಸರಿನ ಹುಳ ಇದರ ದಾಯಾದಿ ಖರೆ, ಮನಿ ಬ್ಯಾರೆ. ಮೊಸರು ಅನ್ನಕ್ಕ ಕಲಿಸಿಕೊಂಡು ಉಣ್ಣ್ರಿ."

ಮೌಶಿ, ಬಸ್ಸಿನಲ್ಲಿ ಬರುವಾಗ ನನಗೆ ನೆನಪಾದದ್ದು ನಿನ್ನ ಮೊಸರಿನ ಪಾತ್ರೆ. ಅದಕ್ಕಿಂತ ಹೆಚ್ಚಿಗೆ ಬರೆಯಲಾರೆ. ಸಿಟ್ಟಾಗಬೇಡ.

ಶಾಂಭವಿ


ಗುಲ್ಬರ್ಗಾ
೨೪ ಮಾರ್ಚ್ ೨೦೦೩

ಸೌ. ಶಾಂಭವಿಗೆ,

ಕಾಗದ ತಲುಪಿತು. ನನ್ನ ಕೈಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಮುಂದೆ ನಾನೇ ಹೆರಿಗೆ ಮಾಡಿಸಿದ್ದೇನೆ. ಸಾವಿರಾರು ಬಾಣಂತಿಯರಲ್ಲಿ ನನ್ನ ಕೈಯಲ್ಲಿ ನಂಜಾದವರು ಇಬ್ಬರು. ಮುಖ ನೋಡದ ಅಮೆರಿಕದವಳೊಬ್ಬಳು ಶೇಂಗಾ ತಿನ್ನುತ್ತ ಹೇಳಿದ್ದು ನಿನಗೆ ವೇದವಾಯಿತು, ಸಾಕಿದವಳ ಮಾತು ಹೊಲಸಾಯಿತು.

ಡಾಕ್ಟರು ಹೇಳಿದ ಹಾಗೆ ಮಾಡು. ನನ್ನ ಮೊಸರಿನ ಸುದ್ದಿ ಬೇಡ.

ಕುಮುದಾಬಾಯಿ
ನಿವೃತ್ತ ಸ್ಟಾಫ್ ನರ್ಸ್


ಮಲ್ಕಾಜ್‌ಗಿರಿ
೨೨ ಜೂನ್ ೨೦೦೩

ನಿವೃತ್ತ ಸ್ಟಾಫ್ ನರ್ಸ್ ಅವರ ಸನ್ನಿಧಿಗೆ,

ಎರಡು ಕಾಗದಕ್ಕೆ ಉತ್ತರವಿಲ್ಲ. ಫೋನಿನಲ್ಲಿ "ಆರಾಮ ಇದ್ದೀನಿ, ಇಡತೀನಿ" ಅಷ್ಟೇ. ನೀನು ಬರೆಯದಿದ್ದರೆ ನಾನೇ ಬರೆಯುತ್ತ ಹೋಗುತ್ತೇನೆ, ಅಂಚೆಯವನು ನಿನ್ನ ಬಾಗಿಲಿಗೆ ಬರುವುದನ್ನಂತೂ ನೀನು ತಡೆಯಲಾರೆ.

ಹೋದ ವಾರ ಮತ್ತೆ ಗಾಜಿನ ಪಟ್ಟಿ ನೋಡಿದೆವು. ಕಡ್ಡಿಗಳು ಬಂದಿವೆ. ಶಾವಿಗೆಯ ತುಂಡುಗಳ ಹಾಗೆ, ನೇರಳೆ ಬಣ್ಣ, ತುಂಬ. ಇವರೂ ಬಂದಿದ್ದರು, ತಾವೂ ಒಂದು ಕಣ್ಣು ಮುಚ್ಚಿ ನೋಡಿದರು. "ಭಾಳ ಶಿಸ್ತಿನಿಂದ ನಿಂತಾವ" ಎಂದು ಕಾರ್ಖಾನೆಯ ಮಾಲು ಪಾಸು ಮಾಡುವವರ ಹಾಗೆ ಹೇಳಿದರು. ನನಗೆ ನಗು, ಅಳು ಎರಡೂ ಬಂದವು.

ಇನ್ನೊಂದು ಕೇಳು, ಇದಕ್ಕೆ ನಗದಿದ್ದರೆ ನೀನು ನನ್ನ ಮೌಶಿಯೇ ಅಲ್ಲ. ಡಬ್ಬಿ ಇಳಿಸಿ ಅಟ್ಟಕ್ಕೆ ಹಾಕಲು ಹೊರಟಾಗ ಅತ್ತೆಯವರು ಅಡ್ಡ ನಿಂತರು.

"ಅಂತೂ ಹೊಟ್ಟಿ ಸುದ್ದ ಆತೇನವಾ?"

ಆರು ವರ್ಷದಿಂದ ಅವರು ಅದನ್ನು ಎನಿಮಾ ಡಬ್ಬಿ ಎಂದು ತಿಳಿದಿದ್ದಾರೆ. ನನಗೆ ಹುಟ್ಟಾ ಮಲಬದ್ಧತೆ ಎಂದು ಮರುಗಿ, ದಿನಾ ಊಟವಾದ ಮೇಲೆ ಕೈಗೆ ಒಂದು ಬಾಳೆಹಣ್ಣು ಇಡುತ್ತಿದ್ದರಲ್ಲ, ಅದು ಪ್ರೀತಿಯ ಬಾಳೆಹಣ್ಣಲ್ಲ, ಔಷಧದ ಬಾಳೆಹಣ್ಣು. ಆರು ವರ್ಷ ತಿಂದಿದ್ದೇನೆ ಮೌಶಿ. ಆಗ ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವರು ಬಾಯಿಗೆ ಸೆರಗು ಹಿಡಿದು ನಕ್ಕು, ನಕ್ಕು, ಆಮೇಲೆ ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. "ನನಗ ಮದಲ ಹೇಳಬಾರದೇನ? ಒಬ್ಬಾಕಿನ ಹೊತಗೊಂಡು ಕೂತಿದ್ದಿ" ಅಂದರು. ಈಗ ಫೋನಿನ ಕುರ್ಚಿಯ ಭಯ ನನಗಿಲ್ಲ. ಆದರೂ ಕಾಗದ ಬರೆಯುವುದು ಬಿಡುವುದಿಲ್ಲ.

ಡಬ್ಬಿ ಅಟ್ಟಕ್ಕೆ ಹೋಗಲಿಲ್ಲ. ಅತ್ತೆಯವರು ಅದನ್ನು ಬಾಲ್ಕನಿಗೆ ನೇತುಹಾಕಿ, ನಳಿಗೆಯನ್ನು ಮಲ್ಲಿಗೆಯ ಕುಂಡಕ್ಕೆ ಬಿಟ್ಟಿದ್ದಾರೆ. ಹನಿ ಹನಿಯಾಗಿ ನೀರು ಬೀಳುತ್ತದೆ. ಮಲ್ಲಿಗೆ ಜೋರಾಗಿದೆ.

ನೀನು ತಪ್ಪು ಮಾಡಿದೆ ಎಂದು ನಾನು ಒಂದು ಕ್ಷಣವೂ ಅಂದುಕೊಂಡಿಲ್ಲ. ನಿನಗೆ ಗೊತ್ತಿದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ನನಗೆ ಕೊಟ್ಟೆ. ಬರೆ ಮೌಶಿ.

ಶಾಂಭವಿ


ಗುಲ್ಬರ್ಗಾ
೨ ಆಗಸ್ಟ್ ೨೦೦೩

ಶಾಂಭವಿ,

ಬಾಳೆಹಣ್ಣಿನ ಸುದ್ದಿ ಓದಿ ನಕ್ಕೆ. ಒಬ್ಬಳೇ ನಕ್ಕದ್ದು ಕೇಳಿ ಗುರುಬಾಯಿ ಓಡಿ ಬಂದಳು.

ಈಗ ನನ್ನ ಕಥೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನನ್ನದು, ನಿನಗೆ ಗೊತ್ತು. ಏಪ್ರಿಲ್ ಪೂರ್ತಿ ಸಿಟ್ಟಿನಲ್ಲೇ ಕಳೆದೆ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ, ನಿನಗೆ ಬುದ್ಧಿ ಕಲಿಸೋಣವೆಂದೇ, ಎರಡು ಪಾತ್ರೆ ತೆಗೆದುಕೊಂಡೆ. ಒಂದೇ ಹಾಲು, ಗುರುಬಾಯಿಯ ಮನೆಯ ಒಂದೇ ಹೆಪ್ಪು. ಒಂದು ಪಾತ್ರೆ ನನ್ನ ಪದ್ಧತಿಯಲ್ಲಿ ಔಷಧದ ನೀರಲ್ಲಿ ತೊಳೆದದ್ದು, ಇನ್ನೊಂದು ಬರೀ ನೀರಲ್ಲಿ ತೊಳೆದದ್ದು. ಮೂರು ದಿನ ಹೀಗೇ ಮಾಡಿದೆ. ಮೂರೂ ದಿನ ನನ್ನ ಪಾತ್ರೆಯಲ್ಲಿ ಹಾಲು ಹಾಲಾಗಿಯೇ ಇತ್ತು, ಇನ್ನೊಂದರಲ್ಲಿ ಚಮಚ ನೆಟ್ಟಗೆ ನಿಂತಿತು. ಮೂರನೆಯ ದಿನ ಆ ಮೊಸರಿನ ಮುಂದೆ ಕೂತು ಅತ್ತುಬಿಟ್ಟೆ. ಅರವತ್ತೊಂದು ವರ್ಷದ ಮುದುಕಿ ಮೊಸರು ನೋಡಿ ಅತ್ತಳು ಎಂದು ಯಾರಿಗೂ ಹೇಳಬೇಡ.

ಆಮೇಲೆ ನಮ್ಮ ಆಸ್ಪತ್ರೆಗೆ ಹೋಗಿ ಈಗಿನ ಲೇಡಿ ಡಾಕ್ಟರನ್ನು ಕೇಳಿದೆ. ನಿನ್ನ ಡಾಕ್ಟರು ಹೇಳಿದ್ದನ್ನೇ ಅವಳೂ ಹೇಳಿದಳು, ಪುಸ್ತಕ ತೆಗೆದು ತೋರಿಸಿದಳು. ಮೇಟ್ರನ್ ಬಾಯಿಯವರು ತಪ್ಪು ಹೇಳಿಕೊಟ್ಟಿದ್ದರು. ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ವಾರ್ಡಿನ ನೆಲಕ್ಕೆ ಸರಿ ಇದ್ದದ್ದು ಹೆಂಗಸಿನ ಹೊಟ್ಟೆಗೂ ಸರಿ ಎಂದುಕೊಂಡಿದ್ದೆವು.

ಈಗ ಪ್ರತಿ ಸೋಮವಾರ ಹೊರರೋಗಿಗಳ ಬೆಂಚಿನ ಮೇಲೆ ಹೋಗಿ ಕೂರುತ್ತೇನೆ. ಬಂದ ಸೊಸೆಯಂದಿರಿಗೆಲ್ಲ ಹೇಳುತ್ತೇನೆ, "ಹೊರಗ ನೀರು ಸಾಕವಾ, ಒಳಗ ಏನೂ ಬ್ಯಾಡ. ವಾಸನಿ, ತುರಿಕಿ ಇದ್ರ ಡಾಕ್ಟರಿಗೆ ತೋರಸ್ರಿ, ಬಾಟಲಿ ತರಬ್ಯಾಡ್ರಿ." ಊರಿಗೆ ಉಪಕಾರಿ, ಮನೆಗೆ ಮಾರಿ ಆಗಿದ್ದವಳು ಈಗ ಊರಿಗೂ ಲೆಕ್ಕ ಒಪ್ಪಿಸುತ್ತಿದ್ದೇನೆ.

ಒಂದು ಮಾತು ನಿನಗೆ ಎಂದೂ ಹೇಳಿಲ್ಲ. ಆ ಡಬ್ಬಿ ಹೊಸದಾಗಿರಲಿಲ್ಲ. ಅರವತ್ತಾರರಲ್ಲಿ ನನ್ನ ಮದುವೆಗೆ ಮೇಟ್ರನ್ ಬಾಯಿ ಕೊಟ್ಟದ್ದು. ಒಂಬತ್ತು ವರ್ಷ ಜನಾರ್ದನರಾಯರ ಮನೆಯಲ್ಲಿ ದಿನಾ ಬಳಸಿದೆ. ಹತ್ತನೆಯ ವರ್ಷ ಅವರು ನನ್ನನ್ನು ಇಲ್ಲಿ ತಂದು ಬಿಟ್ಟು ಹೋದರು. ಎರಡನೆಯವಳಿಗೆ ಮೂರು ಮಕ್ಕಳಾದವು. ಅಷ್ಟೆ.

ಮೈ ಕಡೆ ನೋಡಿಕೊ.

ಕುಮುದಾ


ಮಲ್ಕಾಜ್‌ಗಿರಿ
೧೪ ನವೆಂಬರ್ ೨೦೦೩

ಮೌಶಿ, ನನ್ನ ಮೌಶಿ,

ಮೂರು ತಿಂಗಳು ತುಂಬಲಿ ಎಂದು ಬಾಯಿ ಹೊಲಿದುಕೊಂಡಿದ್ದೆ. ನಿನ್ನೆ ಸ್ಕ್ಯಾನಿನಲ್ಲಿ ಎದೆಬಡಿತ ನೋಡಿದೆವು. ಎರಡು ಸಲ ಜಾರಿದ್ದ ವಾರಗಳನ್ನು ದಾಟಿದ್ದೇವೆ. ಡಾಕ್ಟರ್ ವಿಜಯಶ್ರೀ ಈಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೇ ಮಾತಾಡುತ್ತಾರೆ, "ಒಳ್ಳೇದಾಗೈತಿ, ಯಾತಕ್ಕ ಅಂತ ಕೇಳಬ್ಯಾಡ್ರಿ" ಎಂದು. ಆದರೆ ಹೇಳುವಾಗ ನಗುತ್ತಿದ್ದರು.

ಇವರು ಬಾಲಾನಗರದಿಂದ ಮನೆತನಕ ಸ್ಕೂಟರನ್ನು ನಡಿಗೆಯ ವೇಗದಲ್ಲಿ ತಂದರು, ಹಿಂದೆ ನಾನು ಕೂತೇ ಇರಲಿಲ್ಲ. ಅತ್ತೆಯವರು ಬಾಳೆಹಣ್ಣು ಮತ್ತೆ ಶುರು ಮಾಡಿದ್ದಾರೆ. "ಈಗ ಖರೇನ ಹೊಟ್ಟಿ ಕಟ್ಟತದ" ಎನ್ನುತ್ತಾರೆ, ಮತ್ತು ಅದು ನಿಜ.

ಚೊಚ್ಚಲು ತವರಿನಲ್ಲಾಗಬೇಕು. ಡಾಕ್ಟರು ನನ್ನನ್ನು ಊರು ಬಿಡಲು ಬಿಡುವುದಿಲ್ಲ. ಆದ್ದರಿಂದ ತವರೇ ಇಲ್ಲಿಗೆ ಬರಬೇಕು. ತವರೆಂದರೆ ನೀನೊಬ್ಬಳು, ಒಂದು ಟ್ರಂಕು. ಬಾಟಲಿ ಬೇಡ.

ನಿನ್ನ ಕಾಗದದ ಕೊನೆಯ ನಾಲ್ಕು ಸಾಲು ನನ್ನ ದಿಂಬಿನ ಕೆಳಗಿದೆ. ಒಂದು ಮಾತು ಕೇಳಬೇಕು, ಎದುರಿಗೆ ಕೇಳಲು ಧೈರ್ಯ ಸಾಲದು. ನಿನಗೆ ಸಿಟ್ಟು ಬರುವುದಿಲ್ಲವೇ? ನಿನಗೂ ಯಾರಾದರೂ ಸಮಯಕ್ಕೆ ಹೇಳಿದ್ದರೆ ಎಂದು ಅನಿಸುವುದಿಲ್ಲವೇ?

ನಿನ್ನ
ಶಾಂಭವಿ, ಮತ್ತು ಇನ್ನೂ ಹೆಸರಿಲ್ಲದ ಒಬ್ಬರು


ಗುಲ್ಬರ್ಗಾ
೩೦ ಆಗಸ್ಟ್ ೨೦೦೪

ಶಾಂಭವಿಗೂ ಮೂರು ತಿಂಗಳ ಶರ್ವರಿಗೂ,

ಸುಖವಾಗಿ ತಲುಪಿದೆ. ಮನೆ ಬಿಕೋ ಎನ್ನುತ್ತಿದೆ. ಬೆಳಿಗ್ಗೆ ಆರಕ್ಕೆ ಅಭ್ಯಾಸಬಲದಿಂದ ಎದ್ದು ಎಣ್ಣೆ ಬೆಚ್ಚಗೆ ಮಾಡಿದೆ, ಹಚ್ಚಲು ಕೂಸೇ ಇಲ್ಲ. ನನ್ನ ಮೊಣಕಾಲಿಗೇ ಹಚ್ಚಿಕೊಂಡೆ.

ನಿಮ್ಮ ಬಾಲ್ಕನಿಯಲ್ಲಿ ನನ್ನ ಡಬ್ಬಿ ಮಲ್ಲಿಗೆಗೆ ನೀರು ಬಿಡುವುದನ್ನು ಮೊದಲ ದಿನ ನೋಡಿ ಮುಖ ತಿರುಗಿಸಿ ಒಳಗೆ ಹೋಗಿದ್ದೆ. ಆಮೇಲೆ ದಿನಾ ನಾನೇ ಅದಕ್ಕೆ ನೀರು ತುಂಬುತ್ತಿದ್ದೆ, ನೀನು ನೋಡಿಲ್ಲ. ಅಂತೂ ಅದಕ್ಕೆ ಒಂದು ಒಳ್ಳೆಯ ಕೆಲಸ ಸಿಕ್ಕಿತು.

ಹೆರಿಗೆಯ ದಿನ ನಡೆದದ್ದು ನಿನಗೆ ಗೊತ್ತಿಲ್ಲ, ನೀನು ಒಳಗೆ ಮಲಗಿದ್ದೆ. ಕೂಸನ್ನು ಹೊರಗೆ ತಂದು ನನ್ನ ಕೈಗೆ ಕೊಟ್ಟರು. ಯಮುನಾಬಾಯಿ ಬಗ್ಗಿ ನೋಡಿ, "ಮೂಗು ನಮ್ಮ ಮನೀದು, ಹಣಿನೂ ನಮ್ಮದ" ಎಂದು ಒಂದೊಂದೇ ಅಂಗವನ್ನು ತಮ್ಮ ಕಡೆಗೆ ಎಳೆದುಕೊಳ್ಳತೊಡಗಿದರು. ಅಷ್ಟರಲ್ಲಿ ನಿನ್ನ ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದರು. ಹುಟ್ಟಿ ಬರುವ ದಾರಿಯಲ್ಲಿ ತಾಯಿಯ ಒಳ್ಳೆಯ ಹುಳಗಳು ಕೂಸಿಗೆ ಅಂಟಿಕೊಳ್ಳುತ್ತವೆ, ಅದೇ ಅದಕ್ಕೆ ಸಿಗುವ ಮೊದಲ ಉಡುಗೊರೆ ಎಂದರು. ನನಗೆ ನನ್ನ ಅವ್ವ ನೆನಪಾದಳು. ಅವ್ವನಿಂದ ನನ್ನ ಅಕ್ಕನಿಗೆ, ಅಕ್ಕನಿಂದ ನಿನಗೆ, ನಿನ್ನಿಂದ ಇವಳಿಗೆ. ನಡುವೆ ನಾನೊಬ್ಬಳು ಅದನ್ನು ತೊಳೆದು ತೊಳೆದು ಕಳೆಯಲು ನೋಡಿದರೂ ಉಳಿದುಕೊಂಡು ಬಂದಿದೆ.

"ಮೂಗು ನಿಮ್ಮದ ಇರಲಿ ಯಮುನಾಬಾಯಿ, ಹೆಪ್ಪು ನಮ್ಮದದ" ಅಂದೆ. ಅವರು ಮತ್ತೆ ಬಗ್ಗಿ ಕೂಸಿನ ಕಿವಿ ಯಾರದೆಂದು ನೋಡತೊಡಗಿದರು.

ಇನ್ನು ನೀನು ಕಾಗದದಲ್ಲಿ ಕೇಳಿದ್ದು. ಮೂರು ತಿಂಗಳು ಒಂದೇ ಮನೆಯಲ್ಲಿದ್ದೆವು, ನೀನು ಬಾಯಿ ಬಿಟ್ಟು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ಸಿಟ್ಟು ಬಂದಿತ್ತು. ಹೋದ ವರ್ಷ ಒಂದು ವಾರ ಅನ್ನ ಸೇರಲಿಲ್ಲ. ಆ ಡಬ್ಬಿಯಿಂದಲೇ ಹಾಗಾಯಿತೋ ಬೇರೆ ಏನಿತ್ತೋ, ಮೂವತ್ತು ನಲವತ್ತು ವರ್ಷದ ಹಿಂದಿನದನ್ನು ಯಾವ ಗಾಜಿನ ಪಟ್ಟಿಯೂ ತೋರಿಸುವುದಿಲ್ಲ. ಆದರೆ ಮೊನ್ನೆ ರೈಲಿನಲ್ಲಿ ಬರುವಾಗ ಬೇರೊಂದು ಹೊಳೆಯಿತು. ನಿನ್ನ ಅವ್ವ ಹೋದಾಗ ನಿನಗೆ ನಾಲ್ಕು ವರ್ಷ. ನನ್ನ ಮಡಿಲಲ್ಲಿ ಆಗ ನನ್ನವೇ ಎರಡೋ ಮೂರೋ ಇದ್ದಿದ್ದರೆ ನಾನೂ ಬಂದು, ಅತ್ತು, ನಿನ್ನ ತಲೆ ಸವರಿ, ಸಂಜೆಯ ಬಸ್ಸಿಗೆ ಹೊರಟುಹೋಗುತ್ತಿದ್ದೆ. ಬೇರೆ ಸಂಬಂಧಿಕರೆಲ್ಲ ಹಾಗೇ ಹೋದರು. ನನ್ನ ಮಡಿಲು ಖಾಲಿ ಇತ್ತು, ನೀನು ಬಂದು ಕೂತೆ.

ಆ ಡಬ್ಬಿ ನನ್ನಿಂದ ಏನು ಕಸಿದುಕೊಂಡಿತೋ ನಾನು ನೋಡಿಲ್ಲ. ಕೊಟ್ಟದ್ದನ್ನು ನೋಡಿದ್ದೇನೆ. ಅದು ಈ ಹೊತ್ತಿಗೆ ಮಲ್ಕಾಜ್‌ಗಿರಿಯಲ್ಲಿ ಮಗುವಿಗೆ ಹಾಲೂಡಿಸುತ್ತ ಕೂತಿರಬೇಕು.

ನಿಮ್ಮ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ತಂದ ಹೆಪ್ಪು ನಿನ್ನೆ ಹಾಕಿದ್ದೆ. ಗಟ್ಟಿಯಾಗಿ ಕೂಡಿದೆ.

ನಿನ್ನ ಮೌಶಿ
ಶರ್ವರಿಯ ಅಜ್ಜಿ
ಕುಮುದಾ